ಗಂಡನ ಹೆಸರಿನ ಚೌಕ

ನಮ್ಮನ್ನು ಕಂಪ್ಯೂಟರಿನ ಮುಂದೆ ಕೂಡಿಸುವ ಮೊದಲು ಕುರ್ಚಿಗೆ ಪ್ಲಾಸ್ಟಿಕ್ ಹಾಸಿದರು. ನಮಗೆ ಮೆತ್ತಗಾಗಲಿ ಅಂತಲ್ಲ. ಕುರ್ಚಿ ಕೆಡದಿರಲಿ ಅಂತ.

ನಾನು ಅವ್ವಮ್ಮ. ಶಹಾಪುರದ ಕಡೆಯವಳು. ಏಳನೆಯ ತರಗತಿ ತನಕ ಕನ್ನಡ ಶಾಲೆಗೆ ಹೋಗಿದ್ದೇನೆ. ಪುಣೆಗೆ ಬಂದ ಮೇಲೆ ಮರಳು ಹೊತ್ತೆ, ಇಟ್ಟಿಗೆ ಹೊತ್ತೆ, ಕಾಂಕ್ರೀಟ್ ತುಂಬಿದ ಘಮೇಲಾ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮಹಡಿ ಮಹಡಿ ಹತ್ತಿದೆ. ಹಿಂಜವಾಡಿಯ ಗಾಜಿನ ಕಟ್ಟಡಗಳನ್ನು ನೋಡಿ ಜನ ಬಾಯಿ ಬಿಡುತ್ತಾರೆ. ನಾನು ನೋಡಿದರೆ ನನ್ನ ಕತ್ತು ನೋಯುತ್ತದೆ.

ನನ್ನ ಜೊತೆ ಸಾಬವ್ವ ಇದ್ದಳು. ತಗಡಿನ ಶೆಡ್ಡಿನಲ್ಲಿ ನನ್ನದೊಂದು ಖೋಲಿ, ಗೋಡೆಗೆ ಅಂಟಿಕೊಂಡು ಅವಳದು. ಅವಳ ಗಂಡ ಔಂಧದಲ್ಲಿ ಕಟ್ಟಡದ ಪರಾಂಚಿಯ, ಅಂದರೆ ಅಟ್ಟಣಿಗೆಯ, ಬಿದಿರು ಮುರಿದು ಬಿದ್ದು ಸತ್ತ. ಮಗಳು ಆಗ ಸಣ್ಣವಳು. ಮರಳಿನ ಗುಡ್ಡೆಯ ಮೇಲೆ ಸೀರೆ ಹಾಸಿ ಅವಳನ್ನು ಮಲಗಿಸಿ ಸಾಬವ್ವ ದುಡಿದಳು. ಸಿಮೆಂಟು ಕೈ ತಿನ್ನುತ್ತದೆ. ಮೊದಲು ಬೆರಳ ಸಂದಿ ಉರಿಯುತ್ತದೆ, ಆಮೇಲೆ ಬಿರಿಯುತ್ತದೆ, ಕಡೆಗೆ ಉರಿಯುವುದೂ ತಿಳಿಯುವುದಿಲ್ಲ. ಸಾಬವ್ವನ ಕೈ ಹಾಗಾಗಿತ್ತು. ಆ ಕೈಯಿಂದಲೇ ಮಗಳನ್ನು ಓದಿಸಿದಳು.

ಮಗಳ ಹೆಸರು ಮರೆಮ್ಮ. ಊರ ದೇವಿಯ ಹೆಸರು. ಶಾಲೆಗೆ ಹಾಕಲು ಹೋದ ದಿನ ಮರಾಠಿ ಟೀಚರು ಮೂಗು ಮುರಿದು, ಇದೆಂಥ ಹೆಸರು, ಶೀತಲ ಅಂತ ಬರೆಯುತ್ತೇನೆ ಅಂದಳು. ಬರೆದಳು. ಹೆಸರಿನ ಮುಂದೆ ಆಡನಾವ ಬೇಕು, ಅಂದರೆ ಅಡ್ಡಹೆಸರು. ನಮಗೆ ಊರವರು ಇಟ್ಟ ಅಡ್ಡಹೆಸರು ಒಂದಿದೆ. ಬೈಯುವಾಗ ಮಾತ್ರ ಹಾಗೆ ಕರೆಯುತ್ತಾರೆ. ಸಾಬವ್ವ ಅದನ್ನು ಹೇಳಲಿಲ್ಲ. ಅಪ್ಪನ ಹೆಸರನ್ನೇ ಕೊನೆಗೆ ಹಚ್ಚಿದರು. ಶೀತಲ ಭೀಮಣ್ಣ.

ಶೀತಲ ಕಾಲೇಜು ಮುಗಿಸಿ ಇದೇ ಹಿಂಜವಾಡಿಯ ಒಂದು ಕಂಪನಿಗೆ ಸೇರಿದಳು. ಬೇರೆಯವರು ಮಾಡಿದ ಕಂಪ್ಯೂಟರ್ ಕೆಲಸದಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಖಾತೆ ತೆರೆಯುವ ಚೌಕಗಳಲ್ಲಿ ಬೇಕೆಂದೇ ತಪ್ಪು ತುಂಬುವುದು, ಪಾಸ್‌ವರ್ಡ್ ತಪ್ಪು ಒತ್ತುವುದು, ಅದು ಬೈಯುತ್ತದೋ ಇಲ್ಲವೋ ನೋಡುವುದು. ಇದಕ್ಕೂ ಪಗಾರ ಕೊಡುತ್ತಾರಾ ಅಂತ ನಾವು ನಕ್ಕಿದ್ದೆವು.

ಕೆಲಸ ಸಿಕ್ಕಮೇಲೆ ಹುಡುಗಿ ವಾಕಡದಲ್ಲಿ ಗೆಳತಿಯರ ಜೊತೆ ಖೋಲಿ ಹಿಡಿದಳು. ಅವರಿಗೆಲ್ಲ, ನಮ್ಮಪ್ಪ ಕಲಬುರಗಿಯಲ್ಲಿ ಬಿಲ್ಡರ್ ಅಂತ ಹೇಳಿದ್ದಳಂತೆ. ನಮ್ಮ ಹೊಸ ಸೈಟು ಅವಳ ಕಂಪನಿಯ ಪಕ್ಕಕ್ಕೇ ಬಂತು. ಕಂಪನಿಯ ಗಾಡಿಯಿಂದ ಅವಳು ಇಳಿಯುವುದನ್ನು ಸಾಬವ್ವ ಮೇಲಿನಿಂದ ಘಮೇಲಾ ಹೊತ್ತುಕೊಂಡೇ ನೋಡುವಳು. ಒಂದು ದಿನವೂ ಕೂಗಲಿಲ್ಲ.

"ಕಂಪನಿ ಮುಂದ ನನ್ನ ಕರೀಬ್ಯಾಡವ್ವ ಅಂದಾಳ. ಈ ತಿಂಗಳು ಆಕಿ ನೌಕರಿ ಪಕ್ಕಾ ಆಗ್ತದ. ಆಮ್ಯಾಲ ಎಲ್ಲಾ ಸರಿ ಹೋಗ್ತದ," ಅನ್ನುವಳು.

"ಹತ್ತಿದ ಏಣಿ ಒದೆಯಾಕಿ ಆಕಿ," ಅಂದೆ ನಾನು.

"ಏಣಿ ಇರೋದು ಹತ್ತಾಕ ಅವ್ವಮ್ಮ. ಹೊತಗೊಂಡು ತಿರಗಾಕಲ್ಲ," ಅಂದಳು.

ನನಗೆ ಸಿಟ್ಟು ಬಂದು ಅವತ್ತು ಅವಳ ಜೊತೆ ರೊಟ್ಟಿ ತಿನ್ನಲಿಲ್ಲ.

ನಮ್ಮ ಗುತ್ತಿಗೆದಾರ ಒಂದು ಹೊಸ ಪದ್ಧತಿ ಮಾಡಿಸುತ್ತಿದ್ದ. ಪ್ರತಿ ಕೂಲಿಗೂ ಕಂಪ್ಯೂಟರಿನಲ್ಲಿ ಒಂದು ಖಾತೆ, ಒಂದು ಪಾಸ್‌ವರ್ಡ್. ಹಾಜರಿ, ಪಗಾರ ಎಲ್ಲ ಅದರಲ್ಲೇ. ಅದನ್ನು ಮಾಡುವ ಕೆಲಸ ಪಕ್ಕದ ಗಾಜಿನ ಕಟ್ಟಡದ ಕಂಪನಿಗೆ ಸಿಕ್ಕಿತ್ತು. ಮಾಡಿದ್ದು ನಡೆಯುತ್ತದೋ ಇಲ್ಲವೋ ಪರೀಕ್ಷೆ ಮಾಡಲು ಅವರಿಗೆ ಅಸಲಿ ಕೂಲಿಗಳು ಬೇಕಾಗಿದ್ದರು. ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಲಾಲಪ್ಪ ನಮ್ಮ ಹತ್ತಿರ ಬಂದ.

"ನೀವಿಬ್ಬರು ಕೈಕಾಲು ತೊಳಕೊಂಡು ನಡೀರಿ. ಓದಾಕ ಬರದ ಹೆಣ್ಮಕ್ಕಳು ಬೇಕಂತ."

"ನನಗ ಓದಾಕ ಬರ್ತದ," ಅಂದೆ.

"ಇಂಗ್ಲಿಷ್ ಬರ್ತದೇನು?"

"ಇಲ್ಲ."

"ಹಂಗಾದ್ರ ಬರೂದಿಲ್ಲ. ನಡಿ."

ಅದು ಶೀತಲಳ ಕಂಪನಿ ಎಂದು ತಿಳಿದಾಗ ಸಾಬವ್ವ ನೀರಿನ ಡ್ರಮ್ಮಿನ ಹತ್ತಿರವೇ ನಿಂತುಬಿಟ್ಟಳು. ಬರುವುದಿಲ್ಲ ಅಂದಳು. ನಾಳೆಯಿಂದ ಸೈಟಿಗೂ ಬರಬೇಡ ಅಂದ ಲಾಲಪ್ಪ. ನಾನೇ ಅವಳ ಕೈ ಹಿಡಿದು ಎಳೆದೆ. ಅಷ್ಟು ದೊಡ್ಡ ಕಂಪನಿ, ಅಷ್ಟು ಮಂದಿ, ಅವಳೇ ಎದುರಿಗೆ ಬರ್ತಾಳೇನು ಅಂದೆ.

ಕೆಳಗೆ ಕಾವಲುಗಾರ ಲಿಫ್ಟಿಗೆ ಅಡ್ಡ ನಿಂತು ಮೆಟ್ಟಿಲು ತೋರಿಸಿದ. ಲಿಫ್ಟು ಸ್ಟಾಫಿಗೆ ಮಾತ್ರವಂತೆ. ಆ ಲಿಫ್ಟಿನ ಗೋಡೆ ಕಟ್ಟುವಾಗ ಇಟ್ಟಿಗೆ ಹೊತ್ತವರು ನಾವು. ಹತ್ತಿದೆವು. ಹತ್ತುವುದು ನಮಗೇನು ಹೊಸದು?

ಕೋಣೆಯ ಒಂದು ಗೋಡೆಗೆ ದೊಡ್ಡ ಕನ್ನಡಿ ಇತ್ತು. ಅಷ್ಟು ದೊಡ್ಡ ಕನ್ನಡಿ ನಾನು ಕಂಡಿರಲಿಲ್ಲ. ಹತ್ತಿರ ಹೋಗಿ ಕುಂಕುಮ ಸರಿಮಾಡಿಕೊಂಡೆ. ಹಲ್ಲಿನಲ್ಲಿ ಸಿಕ್ಕಿದ್ದ ಎಲೆಯ ಚೂರು ಉಗುರಿನಿಂದ ತೆಗೆದೆ. ಸೆರಗು ಎತ್ತಿ ಬಗಲಿನ ಬೆವರು ಒರೆಸಿಕೊಂಡೆ. ಕನ್ನಡಿಯ ಹಿಂದೆ ಯಾರೋ ನಕ್ಕರು. ಅದು ನಮ್ಮ ಕಡೆಗೆ ಕನ್ನಡಿ, ಅವರ ಕಡೆಗೆ ಕಿಟಕಿ. ಅಲ್ಲಿ ಮಂದಿ ಕೂತು ನಮ್ಮನ್ನು ನೋಡುತ್ತಿದ್ದರು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಸೆರಗು ಎಳೆದು ಮೈತುಂಬ ಹೊದ್ದುಕೊಂಡೆ.

ಬಾಗಿಲು ತೆರೆದು ನಚಿಕೇತ ಅನ್ನುವ ಸಾಹೇಬ ಬಂದ. ಈ ಕೆಲಸಕ್ಕೆ ಅವನೇ ಮುಖ್ಯಸ್ಥ. ಹಿಂದೆ ರಂಜನಾ ಅನ್ನುವ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಅವಳ ಹಿಂದೆ ಶೀತಲ. ಕನ್ನಡ ಬರುವವಳು ಅವಳೊಬ್ಬಳೇ, ನಮ್ಮ ಮಾತು ತಿಳಿಸಲು ಕರೆತಂದಿದ್ದರು. ಕೊರಳಲ್ಲಿ ಅವಳ ಹೆಸರಿನ ಕಾರ್ಡು.

ಶೀತಲ ತನ್ನ ಅವ್ವನನ್ನು ನೋಡಿದಳು. ಬಾಗಿಲಲ್ಲೇ ನಿಂತಳು. ಒಂದು ಕ್ಷಣ. ಆಮೇಲೆ ಕೈ ಮುಗಿದಳು.

"ನಮಸ್ಕಾರ್ರಿ. ಕುಂದರ್ರಿ," ಅಂದಳು.

ಹಡೆದ ಅವ್ವನಿಗೆ ರೀ ಹಚ್ಚಿದಳು. ನಮ್ಮಲ್ಲಿ ಅವ್ವನಿಗೆ ಯಾರು ರೀ ಅನ್ನುತ್ತಾರೆ? ಎದ್ದು ಎರಡು ಬಾರಿಸೋಣ ಅನ್ನಿಸಿತು. ಸಾಬವ್ವ ನನ್ನ ತೊಡೆಯನ್ನು ಗಟ್ಟಿಯಾಗಿ ಒತ್ತಿದಳು.

"ನಮಸ್ಕಾರ್ರೀ ಬಾಯಾರ," ಅಂದಳು ತನ್ನ ಮಗಳಿಗೆ.

ಮೊದಲು ನನ್ನ ಪಾಳಿ. ಪರದೆಯ ಮೇಲೆ ಚೌಕಗಳಿದ್ದವು. ಕೆಲವಕ್ಕೆ ಕೆಂಪು ಚುಕ್ಕಿ. ಚುಕ್ಕಿಯಿದ್ದ ಚೌಕ ತುಂಬಲೇಬೇಕು, ಖಾಲಿ ಬಿಟ್ಟರೆ ಖಾತೆ ತೆರೆಯುವುದಿಲ್ಲ. ಶೀತಲ ಓದಿ ಹೇಳುವಳು, ನಾನು ಹೇಳಿದ್ದನ್ನು ಒತ್ತುವಳು. ಹೆಸರು ಆಯಿತು. ಆಡನಾವ ಇಲ್ಲ ಅಂದೆ. ಊರಿನ ಹೆಸರು ಹಾಕಿದರು. ಆಮೇಲೆ ಗಂಡನ ಹೆಸರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ನಮ್ಮಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಒಡಪು ಕಟ್ಟಿ ಹೇಳುತ್ತೇವೆ, ಅಷ್ಟೇ. ಮರಾಠಿಯವರಲ್ಲೂ ಅದು ಇದೆ, ಉಖಾಣಾ ಅನ್ನುತ್ತಾರೆ. ರಂಜನಾಳಿಗೆ ತಿಳಿಯಿತು. ಅವಳು ಚಪ್ಪಾಳೆ ಹೊಡೆದಳು.

"ಉಖಾಣಾ! ಮಾವಶಿ, ಉಖಾಣಾ ಘ್ಯಾ ನಾ!"

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಬಿಸ್ಕತ್ತಿನ ಪುಡಿಕೆ ನನ್ನ ಕೈಗೆ ಕೊಟ್ಟರು. ಅಷ್ಟಕ್ಕೇ ಉಬ್ಬಿದೆ.

"ಹಿತ್ತಾಳಿ ಕೊಡದಾಗ ತಣ್ಣನ್ನ ನೀರ, ರಾಮಲಿಂಗಪ್ಪನ ಹೆಸರ ಹೇಳತೀನಿ ಕೇಳ್ರಿ ಎಲ್ಲಾರ," ಅಂದೆ.

ಕನ್ನಡಿಯ ಹಿಂದೆ ಶಿಳ್ಳೆ ಹೊಡೆದರು. ಕ್ಯಾಮೆರಾ ಸರಿಯಾಗಿ ಹಿಡಿದಿರಲಿಲ್ಲವಂತೆ. ಮತ್ತೊಮ್ಮೆ ಅನ್ನು ಅಂದರು. ಮತ್ತೊಮ್ಮೆ ಅಂದೆ. ಸೆರಗು ತಲೆ ಮೇಲೆ ಹೊದ್ದು ಅನ್ನು ಅಂದರು. ಹೊದ್ದು ಅಂದೆ.

ರಾಮಲಿಂಗಪ್ಪ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಾರಾಮತಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡು ಉಳಿದ. ಅವನು ಬಿಟ್ಟುಹೋದ ಮೇಲೆ ನಾನು ಯಾರ ಸೀಮಂತದಲ್ಲೂ ಒಡಪು ಹೇಳಿರಲಿಲ್ಲ. ಆ ಗಾಜಿನ ಮುಂದೆ ಹೇಳಿದೆ. ಒಂದು ಪುಡಿಕೆ ಬಿಸ್ಕತ್ತಿಗೆ ಹೇಳಿದೆ. ಇದನ್ನು ಬರೆಯುವಾಗ ನನಗೆ ನನ್ನ ಕೈ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಸಾಬವ್ವನನ್ನು ಕುರ್ಚಿಗೆ ಕೂಡಿಸಿದರು. ಹೆಸರು ಆಯಿತು. ಗಂಡನ ಹೆಸರಿಗೆ ಬಂತು.

"ಹೇಳಂಗಿಲ್ರಿ," ಅಂದಳು.

"ಉಖಾಣಾ," ಅಂದಳು ರಂಜನಾ.

"ಇಲ್ರೀ ಬಾಯಾರ. ಅವರು ತೀರಿಕೊಂಡಾರ."

ಅವಳ ಕಣ್ಣು ಮಗಳ ಕೊರಳಿನ ಕಾರ್ಡಿನ ಮೇಲಿತ್ತು. ಸಾಬವ್ವನಿಗೆ ಓದಲು ಬರುವುದಿಲ್ಲ. ಆದರೆ ಅದರಲ್ಲಿ ಯಾರ ಹೆಸರಿದೆ ಎಂದು ಅವಳಿಗೆ ಗೊತ್ತು. ಇಲ್ಲಿ ಭೀಮಣ್ಣ ಅಂದರೆ ಆ ಕಾರ್ಡಿನ ಭೀಮಣ್ಣ ಎದ್ದು ಕೂರುತ್ತಾನೆ. ಬಿಲ್ಡರನ ಮಗಳ ಬಣ್ಣ ಬಯಲಾಗುತ್ತದೆ. ರಿವಾಜು ಅವತ್ತು ಅವಳಿಗೆ ಗೋಡೆಯ ಹಾಗೆ ಒದಗಿತು. ಆ ಗೋಡೆಯ ಹಿಂದೆ ಅವಳು ತನ್ನನ್ನಲ್ಲ, ಮಗಳನ್ನು ಬಚ್ಚಿಟ್ಟಳು. ಆ ಚೌಕ ಬಿಟ್ಟು ಮುಂದೆ ಹೋಗು ಅಂದ ನಚಿಕೇತ.

"ಮಕ್ಕಳೆಷ್ಟು?" ಅಂತ ಓದಿದಳು ಶೀತಲ.

"ಇಲ್ರಿ," ಅಂದಳು ಸಾಬವ್ವ.

ನಾನು ತಿರುಗಿ ನೋಡಿದೆ. ಶೀತಲಳ ಬೆರಳು ಗುಂಡಿಗಳ ಮೇಲೆ ನಿಂತಿತು. ಈಗಲಾದರೂ ಬಾಯಿ ಬಿಡು ಅಂತ ಮನಸ್ಸಿನಲ್ಲೇ ಬೈದೆ. ಅವಳು ಸೊನ್ನೆ ಒತ್ತಿದಳು.

ಇನ್ನು ಪಾಸ್‌ವರ್ಡ್. ಅದನ್ನು ಕೂಲಿಯೇ ತನ್ನ ಕೈಯಿಂದ ಒತ್ತಬೇಕು, ಪರೀಕ್ಷೆ ಇರುವುದೇ ಅದಕ್ಕೆ ಅಂದ ನಚಿಕೇತ. ಅವನು ಕನ್ನಡಿಯ ಹಿಂದೆ ಹೋದ. ರಂಜನಾ ಮೂಲೆಯಲ್ಲಿ ಕ್ಯಾಮೆರಾ ನೋಡುತ್ತಿದ್ದಳು.

"ಯಾರಿಗೂ ಹೇಳಬಾರದ್ದು, ನೀವು ಎಂದೂ ಮರೀಲಾರದ್ದು, ಅಂಥಾ ಒಂದು ಮಾತು ನೆನಸ್ರಿ," ಅಂದಳು ಶೀತಲ.

ಸಾಬವ್ವ ಬಾಗಿ ಅವಳ ಕಿವಿಯಲ್ಲಿ ಏನೋ ಅಂದಳು. ಶೀತಲಳ ಕಿವಿ ಕೆಂಪಾಯಿತು. ಒಂದೊಂದೇ ಗುಂಡಿ ತೋರಿಸಿದಳು. ಬಿರಿದ ಬೆರಳಿನಿಂದ ಸಾಬವ್ವ ಒಂದೊಂದೇ ಒತ್ತಿದಳು. ಕರಿಯ ಚುಕ್ಕೆಗಳು ಸಾಲಾಗಿ ಬಿದ್ದವು. ಕೆಳಗೆ ಕೆಂಪು ಅಕ್ಷರ ಬಂತು.

"ಏನಂತ್ರಿ?"

"ಸಣ್ಣದಾತಂತ್ರಿ. ಇನ್ನೂ ಉದ್ದ ಬೇಕಂತ."

"ಅದನ್ನ ಎರಡು ಸಲ ಹಾಕ್ರಿ."

ಎರಡು ಸಲ ಒತ್ತಿಸಿದಳು. ಒಂದು ಅಂಕಿಯೂ ಬೇಕು ಅಂತ ಮತ್ತೆ ಕೆಂಪು ಬಂತು.

"ಅಂಕಿ ಯಾವುದು ಹಾಕಲ್ರಿ?"

"ಒಂದು," ಅಂದಳು ಸಾಬವ್ವ. "ನನಗಿರೂದು ಒಂದ."

ಶೀತಲ ಒಂದರ ಗುಂಡಿ ತೋರಿಸಿದಳು. ಕೊನೆಯ ಗುಂಡಿ ಒತ್ತಿದಾಗ ಪರದೆ ಮತ್ತೆ ಕೆಂಪಾಯಿತು. ಗಂಡನ ಹೆಸರಿನ ಚೌಕ ಖಾಲಿ. ಕೆಂಪು ಚುಕ್ಕಿಯ ಚೌಕ ಅದು. ಖಾತೆ ತೆರೆಯಲಿಲ್ಲ. ಅದರ ಜೊತೆಗೆ ಒತ್ತಿದ ಪಾಸ್‌ವರ್ಡೂ ಅಳಿಸಿಹೋಗಿತ್ತು. ಅದು ಹಾಗೇ ಮಾಡುತ್ತದಂತೆ. ಒಂದು ಕಡೆ ತಪ್ಪಿದರೆ ಗುಟ್ಟನ್ನು ಮೊದಲಿನಿಂದ ಒತ್ತಬೇಕು.

ನಚಿಕೇತ ಕನ್ನಡಿಯ ಹಿಂದಿನಿಂದ ಬಂದ. ಅವನು ಪರದೆ ನೋಡಲಿಲ್ಲ. ಗುಂಡಿಗಳನ್ನು ನೋಡಿದ. ಒಂದೆರಡರ ಮೇಲೆ ಸಾಬವ್ವನ ಬೆರಳಿನ ರಕ್ತ ಹತ್ತಿತ್ತು. ಸಿಮೆಂಟಿನ ಬೂದಿಯೂ ಇತ್ತು. ಎಷ್ಟು ತೊಳೆದರೂ ಬಿರುಕಿನಿಂದ ಅದು ಹೋಗುವುದಿಲ್ಲ. ಅವನು ಎರಡು ಬೆರಳಿನಿಂದ ಕಾಗದ ಎಳೆದು ಶೀತಲಳ ಕಡೆ ಚಾಚಿದ.

"ಛೀ. ಹೇ ಆಧೀ ಪುಸೂನ್ ಘೇ," ಅಂದ. ಮೊದಲು ಇದನ್ನು ಒರೆಸು.

ಕನ್ನಡದಲ್ಲಿ ಅಂದಿದ್ದರೂ ಅಷ್ಟೇ ತಿಳಿಯುತ್ತಿತ್ತು ನಮಗೆ. ಸಾಬವ್ವ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ.

ಶೀತಲ ಒರೆಸಿದಳು. ಹೌದು, ಒರೆಸಿದಳು. ಅವ್ವನ ರಕ್ತವನ್ನು ಅವ್ವನ ಎದುರಿಗೇ ಒರೆಸಿ ಬುಟ್ಟಿಗೆ ಹಾಕಿದಳು. ಅವಳ ಮುಖ ನೋಡಲಾಗಲಿಲ್ಲ ನನಗೆ. ನನ್ನ ಮುಖವನ್ನೂ ಆ ಕನ್ನಡಿಯಲ್ಲಿ ನೋಡಲಾಗಲಿಲ್ಲ.

"ಗಂಡನ ಹೆಸರಲ್ಲಿ ಏನಾದರೂ ಹಾಕು," ಅಂತ ಮರಾಠಿಯಲ್ಲಿ ಅಂದ ನಚಿಕೇತ. "ಎಬಿಸಿ ಅಂತ ಹಾಕು. ಇವರ ಹೆಸರು ಕಟ್ಟಿಕೊಂಡು ನಮಗೇನು? ಚೌಕ ತುಂಬಿದರೆ ಸಾಕು. ಟೈಮ್ ಹೋಗ್ತಿದೆ."

ಶೀತಲ ಗುಂಡಿಗಳ ಮೇಲೆ ಕೈ ಇಟ್ಟಳು. ತೆಗೆದಳು.

"ಹಾಕೂದಿಲ್ಲ," ಅಂದಳು. ಕನ್ನಡದಲ್ಲಿ ಅಂದಳು. ಅವನಿಗೆ ತಿಳಿಯಲಿಲ್ಲ. ಆಮೇಲೆ ಮರಾಠಿಯಲ್ಲಿ ಅಂದಳು, "ನಾಹೀ ಟಾಕಣಾರ್."

"ಕಾಯ್?" ಏನು ಅಂತ ಕೇಳಿದ ಅವನು.

"ಈಕೆಯ ಗಂಡನ ಹೆಸರು ಎಬಿಸಿ ಅಲ್ಲ. ಭೀಮಣ್ಣ. ಈಕೆ ಹೇಳುವುದಿಲ್ಲ. ನಾನು ಹೇಳಬಹುದು. ನನ್ನ ಅಪ್ಪ ಅವನು."

ಕೊರಳ ಕಾರ್ಡನ್ನು ತಿರುಗಿಸಿ ಅವನ ಮುಖದ ಮುಂದೆ ಹಿಡಿದಳು. ರಂಜನಾ ಕ್ಯಾಮೆರಾ ಕೆಳಗಿಳಿಸಿದಳು.

ಆಗ ಸಾಬವ್ವ ಎದ್ದು ನಿಂತು ಕೈ ಜೋಡಿಸಿದಳು. ತನಗೆ ಬರುವ ಮುರುಕು ಮರಾಠಿಯಲ್ಲಿ ಬೇಡಿದಳು. ಇಲ್ಲ ಸಾಹೇಬ, ಈ ಬಾಯಾರಿಗೆ ಏನೋ ತಪ್ಪು ತಿಳಿದಿದೆ. ನಾನು ಇವಳ ತಾಯಿಯಲ್ಲ. ಒಂದು ಹೆಸರಿನವರು ಊರ ತುಂಬ ಇರುತ್ತಾರೆ. ಇವಳ ನೌಕರಿಗೆ ಕಲ್ಲು ಹಾಕಬೇಡಿ. ನಾನು ಯಾರೂ ಅಲ್ಲ ಸಾಹೇಬ.

"ಸಾಕು ಬಿಡವ್ವಾ," ಅಂದಳು ಶೀತಲ.

ರೀ ಬಿದ್ದುಹೋಯಿತು. ಅವ್ವ ಉಳಿಯಿತು. ನನಗೆ ತಡೆಯಲಾಗದೆ ಅಳು ಬಂತು.

ಅವಳು ಗಂಡನ ಹೆಸರಿನ ಚೌಕದಲ್ಲಿ ಭೀಮಣ್ಣ ಅಂತ ಒತ್ತಿದಳು. ಮಕ್ಕಳ ಚೌಕದ ಸೊನ್ನೆ ಅಳಿಸಿ ಒಂದು ಹಾಕಿದಳು. ಆಮೇಲೆ ಕನ್ನಡಿಯ ಕಡೆ ತಿರುಗಿದಳು. ಅಲ್ಲಿ ಅವಳಿಗೆ ಕಾಣುತ್ತಿದ್ದುದು ತನ್ನ ಮುಖವೇ. ಆ ಮುಖಕ್ಕೇ ಮರಾಠಿಯಲ್ಲಿ ಹೇಳಿದಳು.

"ನನ್ನ ಹೆಸರು ಮರೆಮ್ಮ. ನಮ್ಮಪ್ಪ ಬಿಲ್ಡರ್ ಅಲ್ಲ, ಇಟ್ಟಿಗೆ ಕಟ್ಟುವ ಗೌಂಡಿ. ಕಟ್ಟಡದಿಂದ ಬಿದ್ದು ಸತ್ತ. ನಮ್ಮವ್ವ ನಿಮ್ಮ ಪಕ್ಕದ ಸೈಟಿನಲ್ಲಿ ಘಮೇಲಾ ಹೊರುತ್ತಾಳೆ. ಈಗ ನೀವು ನನ್ನ ಕೈಯಿಂದ ಒರೆಸಿಸಿದ್ದು ಅವಳ ರಕ್ತ."

ನಚಿಕೇತ ಇಂಗ್ಲಿಷಿನಲ್ಲಿ ಏನೋ ಮೆತ್ತಗೆ ಹೇಳಿದ. ಇದು ಬರೀ ಪರೀಕ್ಷೆಯ ಮಾಹಿತಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಾಳೆ ಮಾತಾಡೋಣ ಅಂದನಂತೆ. ನಾಳೆ ಮಾತಾಡೋಣ ಅಂದರೆ ಏನೆಂದು ಕೂಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಲಾಲಪ್ಪನೂ ಹಾಗೇ ಅನ್ನುತ್ತಾನೆ.

ಹೊರಗೆ ಬಂದೆವು. ಶೀತಲ ಲಿಫ್ಟಿನ ಹತ್ತಿರ ನಿಂತು ಬಾಗಿಲು ತೆರೆಸಿದಳು. ಸಾಬವ್ವ ಅದರ ಕಡೆ ನೋಡಲೂ ಇಲ್ಲ. ಮೆಟ್ಟಿಲು ಇಳಿಯತೊಡಗಿದಳು. ಹೊಳೆಯುವ ಕಂಬಿ ಹಿಡಿಯಲಿಲ್ಲ. ಹಿಡಿದರೆ ಅದನ್ನೂ ಒರೆಸುತ್ತಾರೆ ಅಂದುಕೊಂಡಳೋ ಏನೋ. ಒಂದು ಕೈ ಸೆರಗಿನೊಳಗೆ ಸೇರಿಸಿ, ಇನ್ನೊಂದರಿಂದ ಗೋಡೆ ಹಿಡಿದು ಇಳಿದಳು. ಹುಡುಗಿ ಲಿಫ್ಟು ಬಿಟ್ಟು ಓಡಿ ಅವಳ ಹಿಂದೆ ಬಂದಳು. ನಾನು ಇಬ್ಬರ ಹಿಂದೆ.

ನಡುವಿನ ತಿರುವಿನಲ್ಲಿ ಸಾಬವ್ವ ನಿಂತಳು. ಸಿಟ್ಟಿನಿಂದ ಮಗಳ ಕಡೆ ತಿರುಗಿದಳು.

"ಯಾರಿಗೂ ಹೇಳಬಾರದ್ದು ಅಂತ ನೀನ ಅಂದಿದ್ದಿಲ್ಲೇನು?"

"ಹೌದವ್ವ."

"ನಾ ನಿನ್ನ ಕಿವ್ಯಾಗಷ್ಟ ಹೇಳಿದ್ದೆ. ನೀ ಯಾಕ ಎಲ್ಲಾರಿಗೂ ಹೇಳಿದಿ?"

ಅವಳು ಪಾಸ್‌ವರ್ಡ್ ಎಂದು ಏನು ಹೇಳಿದ್ದಳೆಂದು ನನಗೆ ಆಗ ತಿಳಿಯಿತು. ಮರೆಮ್ಮ. ಶೀತಲ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನಾಚಿಕಿ ಆತವ್ವ," ಅಂದಳು. "ಮೊದಲು ನಿನ್ನ ಸಲುವಾಗಿ ನಾಚಿಕಿ ಆಗತಿತ್ತು. ಒರಸಿದ ಮ್ಯಾಲ ನನ್ನ ಸಲುವಾಗಿ ಆತು."

ಸಾಬವ್ವ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಅವಳ ತಲೆಯ ಮೇಲೆ ಇಟ್ಟಳು. ಬಿರುಕಿಗೆ ಹುಡುಗಿಯ ಕೂದಲು ಸಿಕ್ಕಿಕೊಂಡಿತು. ಇಬ್ಬರೂ ಬಿಡಿಸಿಕೊಳ್ಳಲಿಲ್ಲ.

ನನ್ನ ಮಡಿಲಲ್ಲಿ ಬಿಸ್ಕತ್ತಿನ ಪುಡಿಕೆ ಇನ್ನೂ ಇತ್ತು. ಶೀತಲಳನ್ನು ಇಷ್ಟು ದಿನ ಬೈದವಳು ನಾನು. ಏಣಿ ಒದೆಯುವವಳು ಅಂದವಳು ನಾನು. ಅವಳು ಒಂದು ಹೆಸರನ್ನು ಆ ಕೋಣೆಯಿಂದ ಬಿಡಿಸಿಕೊಂಡು ಬಂದಿದ್ದಳು. ನಾನು ಒಂದನ್ನು ಅಲ್ಲೇ ಬಿಟ್ಟು ಬಂದಿದ್ದೆ. ಬೇಕಾದಾಗೆಲ್ಲ ಆ ಕ್ಯಾಮೆರಾ ಹಚ್ಚಿ ನೋಡಿ ಅವರು ನಗಬಹುದು. ತಲೆ ಮೇಲೆ ಸೆರಗು ಹೊದ್ದು, ಹಲ್ಲು ಕಿಸಿದು ನಾನು ಅಲ್ಲಿ ಒಡಪು ಅನ್ನುತ್ತಲೇ ಇರುತ್ತೇನೆ.

ತಿರುಗಿ ಮೆಟ್ಟಿಲು ಹತ್ತಿದೆ. ಮೇಲಿನ ಬಾಗಿಲಲ್ಲಿ ಇನ್ನೊಬ್ಬ ಕಾವಲುಗಾರ ಕೈ ಅಡ್ಡ ಹಾಕಿದ. ನಿಮ್ಮ ಕೆಲಸ ಮುಗಿಯಿತಲ್ಲ, ಮತ್ತೆ ಎಲ್ಲಿಗೆ ಅಂದ.

ಪುಡಿಕೆಯನ್ನು ಅವನ ಮೇಜಿನ ಮೇಲೆ ಇಟ್ಟೆ.

"ನನ್ನ ಗಂಡನ ಹೆಸರು ಒಳಗ ಉಳದದ," ಅಂದೆ. "ತಗೊಂಡು ಹೋಗಾಕ ಬಂದೀನಿ. ಕೈ ತಗಿ."